ಸೋತವರೂ ಕೈ ಎತ್ತಬೇಕು

ಕೆಲವು ಮನೆಗಳಲ್ಲಿ ಗಂಡ ಹೇಳಿದ್ದು ನಡೆಯುತ್ತದೆ, ಕೆಲವು ಮನೆಗಳಲ್ಲಿ ಹೆಂಡತಿ ಹೇಳಿದ್ದು. ಸರ್ವೆಯರಮ್ಮನ ಮನೆಯಲ್ಲಿ ಎಲ್ಲವೂ ಬಹುಮತದಿಂದ ನಡೆಯುತ್ತಿತ್ತು. ಅಂದರೆ ಗಂಡ ಹೇಳಿದ್ದೇ ನಡೆಯುತ್ತಿತ್ತು, ಆದರೆ ನ್ಯಾಯವಾಗಿ.

ಗಂಡ ನೌಕರರ ಸಂಘದ ಕಾರ್ಯದರ್ಶಿ. ಸಭೆಯಿಲ್ಲದ ದಿನ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ. ಮಕ್ಕಳು ಇನ್ನೂ ಪುಟ್ಟವರಿದ್ದಾಗಲೇ ಊಟದ ಮೇಜಿನಲ್ಲಿ ಕೈ ಎತ್ತಿಸುವ ಪದ್ಧತಿ ತಂದವರು ಅವರು. ರಜೆಯಲ್ಲಿ ಎಲ್ಲಿಗೆ ಹೋಗುವುದು, ಗೋಡೆಗೆ ಯಾವ ಬಣ್ಣ, ಎಲ್ಲಕ್ಕೂ ಕೈ. ಸಮ ಸಮ ಬಂದರೆ ಆ ಕೆಲಸ ಮಾಡುವವರ ಮಾತೇ ಮಾತು. ಒಮ್ಮೆ ನಾಯಿ ಸಾಕುವ ವಿಷಯದಲ್ಲಿ ಮಗ ಸೋತು, ಮುಖ ಊದಿಸಿಕೊಂಡು ತಟ್ಟೆ ಸರಿಸಿದ. ಅವನನ್ನು ಸಮಾಧಾನ ಮಾಡಲು ಸರ್ವೆಯರಮ್ಮನೇ ಒಂದು ನಿಯಮ ಸೇರಿಸಿದಳು.

"ಕೊನೇಲಿ ಸೋತವರೂ ಕೈ ಎತ್ತಬೇಕು ಕಂದ. ಆಗ ಯಾರೂ ಸೋತ ಹಾಗಲ್ಲ, ಎಲ್ಲರೂ ಸೇರಿ ಒಪ್ಪಿದ ಹಾಗೆ."

ಮಗ ಕಣ್ಣೊರೆಸಿಕೊಂಡು ಕೈ ಎತ್ತಿದ, ಎಲ್ಲರೂ ಚಪ್ಪಾಳೆ ತಟ್ಟಿದರು. ತಾವು ತೋಡಿದ ಹಳ್ಳಕ್ಕೆ ತಾವೇ ಬೀಳುವವರನ್ನು ಬೇಕಾದಷ್ಟು ಕಂಡಿದ್ದೇವೆ. ಇವಳು ಹಳ್ಳಕ್ಕೆ ಇಳಿಯಲು ಮೆಟ್ಟಿಲನ್ನೂ ಕಟ್ಟಿಕೊಂಡಳು.

ಮರುವರ್ಷ ಗುಡ್ಡಗಾಡಿನ ಸರ್ವೆ ತಂಡದ ಮುಖ್ಯಸ್ಥೆಯ ಹುದ್ದೆ ಅವಳನ್ನು ಹುಡುಕಿಕೊಂಡು ಬಂತು. ವಾರವೆಲ್ಲ ಗುಡ್ಡದಲ್ಲೇ ವಾಸ, ಓಡಾಡಲು ಕಚೇರಿಯ ಜೀಪು, ಕೈಕೆಳಗೆ ಏಳೆಂಟು ಜನ. ಅವಳು ಅಂದು ಮನೆಗೆ ನಡೆದು ಬಂದಿರಲಿಲ್ಲ, ಹಾರಿ ಬಂದಿದ್ದಳು. ಕಾರ್ಯದರ್ಶಿಗಳು ವಿಷಯವನ್ನು ಮೇಜಿಗೆ ತಂದರು. "ಅಮ್ಮ ವಾರವೆಲ್ಲ ಮನೇಲಿ ಇರೋದು ಬೇಡ ಅನ್ನೋರು ಕೈ ಎತ್ತಿ" ಎಂದರು. ಹಾಗೆ ಕೇಳಿದರೆ ಯಾವ ಮಗು ತಾನೇ ಕೈ ಎತ್ತೀತು? ಎತ್ತಿದ್ದು ಅವಳೊಬ್ಬಳೇ. ಆಮೇಲೆ, ತನ್ನದೇ ನಿಯಮವಲ್ಲವೇ, ಗೆದ್ದವರ ಪರವಾಗಿಯೂ ಒಮ್ಮೆ ಎತ್ತಿದಳು. ಅಂದಿನಿಂದ ಅವಳು ಆ ಮಾತು ತೆಗೆದಾಗಲೆಲ್ಲ ಕಾರ್ಯದರ್ಶಿಗಳದು ಒಂದೇ ಉತ್ತರ: "ನೀನೂ ಕೈ ಎತ್ತಿದ್ದೆಯಲ್ಲ!"

ಈಗ ಅವಳು ನಿವೃತ್ತಿಯ ಹೊಸ್ತಿಲಲ್ಲಿದ್ದಳು. ಮಗ ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದ. ಮಗಳು ಪಕ್ಕದ ಬೀದಿಯಲ್ಲಿ ಔಷಧ ಅಂಗಡಿ ನಡೆಸುತ್ತಿದ್ದಳು, ಅವಳಿಗೊಂದು ಕೂಸು. ವಾರಕ್ಕೊಮ್ಮೆ ಗಂಡ, ಕೂಸಿನ ಸಮೇತ ತವರಿನ ಊಟಕ್ಕೆ ಬರುತ್ತಿದ್ದಳು. ಅಳಿಯನಿಗೆ ಆ ಮೇಜಿನಲ್ಲಿ ಮತವಿರಲಿಲ್ಲ. ಹಾಗಾಗಿ ಅಲ್ಲಿ ನೆಮ್ಮದಿಯಾಗಿ ಉಣ್ಣುವವನು ಅವನೊಬ್ಬನೇ.

ಹಳೆಯ ಸಹೋದ್ಯೋಗಿಯೊಬ್ಬರು ಅದೇ ಗುಡ್ಡಗಳ ತೊರೆಗಳ ನಕ್ಷೆ ಮಾಡುವ ಕೆಲಸ ಹಿಡಿದಿದ್ದರು. "ನೀವು ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಆದರೆ ಗಾಡಿ ನಿಮ್ಮದೇ ಆಗಬೇಕು" ಎಂದಿದ್ದರು. ಅಲ್ಲಿ ದಾರಿಯೆಂದರೆ ಬರೀ ಕಲ್ಲು. ಚಾರ್ಜ್ ಮಾಡೋಣವೆಂದರೆ ಕರೆಂಟಿನ ಕಂಬವೇ ಇಲ್ಲ. ಅದಕ್ಕೇ ಅವಳು ಒಂದು ಪುಟಾಣಿ ಪೆಟ್ರೋಲ್ ಜೀಪಿಗೆ ಮನಸೋತಳು. ಎರಡೇ ಬಾಗಿಲು, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ, ಹಿಂದಿನ ಸೀಟು ಹೆಸರಿಗೆ ಮಾತ್ರ. ಕಾರ್ಯದರ್ಶಿಗಳು ಏಳು ಸೀಟಿನ ಎಲೆಕ್ಟ್ರಿಕ್ ಎಸ್‌ಯುವಿ ನೋಡಿಟ್ಟಿದ್ದರು. ಸುಳ್ಳೇಕೆ ಹೇಳಬೇಕು, ಒಳ್ಳೆಯ ಗಾಡಿಯೇ. ಸದ್ದಿಲ್ಲ, ಹೊಗೆಯಿಲ್ಲ, ಸಂಸಾರವನ್ನೆಲ್ಲ ಹೊತ್ತು ತಿರುಗುತ್ತದೆ. ಮನೆಯ ಮುಂದೆ ಒಂದೇ ಗಾಡಿಗೆ ಜಾಗವಿತ್ತು, ಎರಡರ ಮಾತೇ ಇರಲಿಲ್ಲ.

ಶೋರೂಮಿನಲ್ಲಿ ಮಾರಾಟದವನು ಬ್ಯಾಟರಿಯ ಪುರಾಣವನ್ನೆಲ್ಲ ಕಾರ್ಯದರ್ಶಿಗಳಿಗೆ ಒಪ್ಪಿಸಿದ. ಅವರಿಗೋ ಗಾಡಿ ಓಡಿಸಲು ಬರುವುದಿಲ್ಲ. ಪಕ್ಕದಲ್ಲಿ ಕೂತು ಎಡಕ್ಕೆ, ಬಲಕ್ಕೆ ಅನ್ನುವುದಷ್ಟೇ ಗೊತ್ತು. ಕೊನೆಗೆ ಅವನು ಇವಳ ಕಡೆ ತಿರುಗಿ, "ಮೇಡಂ, ಬಣ್ಣ ನೀವು ಆರಿಸಿ" ಎಂದು ನಕ್ಕ.

ಮರುದಿನ ಮಗಳನ್ನು ಕರೆದುಕೊಂಡು ಹೋಗಿ ಜೀಪನ್ನು ಓಡಿಸಿ ನೋಡಿದಳು. ಊರಾಚೆಯ ಕಲ್ಲುಗಣಿಯ ದಾರಿಯಲ್ಲಿ ಅದು ಎದ್ದು ಬಿದ್ದು, ಕೆಮ್ಮಿ ಕ್ಯಾಕರಿಸಿ, ಹಟ ಬಿಡದೆ ಹತ್ತಿತು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಮ್ಮಾ, ಕನ್ನಡೀಲಿ ನಿನ್ನ ಮುಖ ನೋಡ್ಕೋ! ಮದುವೆ ಫೋಟೋದಲ್ಲೂ ನೀನು ಹೀಗೆ ನಕ್ಕಿಲ್ಲ."

"ಹಾಗಾದ್ರೆ ನಿನ್ನ ಕೈ?"

"ನನ್ನ ಕೈ ನಿನ್ನ ಕಡೇನೇ. ಬಿಡು, ಯೋಚನೆ ಮಾಡಬೇಡ."

ಅಷ್ಟು ಸಾಕಾಗಿತ್ತು. ಮಗಳ ಕೈ ಬಂದರೆ ಇಬ್ಬರಿಗೆ ಇಬ್ಬರು. ಸಮ ಬಂದರೆ ಗಾಡಿ ಓಡಿಸುವವಳ ಮಾತು. ಆ ವಾರವೆಲ್ಲ ಅವಳು ಕಚೇರಿಯಲ್ಲಿ ಹಳೆಯ ನಕ್ಷೆಗಳನ್ನು ಹರಡಿಕೊಂಡು ತೊರೆಗಳ ಮೇಲೆ ಬೆರಳಾಡಿಸಿದಳು.

ಊಟದ ದಿನ ಬಂತು. ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡರು.

"ಪಾಪು ಎದೆಗೆ ಪೆಟ್ರೋಲ್ ಹೊಗೆ ಹೋಗಬಾರದು ಅನ್ನೋರು ಕೈ ಎತ್ತಿ."

"ಪ್ರಶ್ನೆ ಅದಲ್ಲ ರೀ" ಎಂದಳು ಅವಳು. "ಯಾವ ಗಾಡಿ ಅಂತ ನೆಟ್ಟಗೆ ಕೇಳಿ. ಒಂದು ಸಲ ಮೋಸ ಹೋಗಿದ್ದೀನಿ, ಅದೇ ಸಾಕು."

"ಮೋಸ ಅಂದ್ರೆ? ನೀನೂ ಕೈ ಎತ್ತಿದ್ದೆಯಲ್ಲ! ಸರಿ, ನೆಟ್ಟಗೇ ಕೇಳ್ತೀನಿ. ಎಲೆಕ್ಟ್ರಿಕ್ ಬೇಕು ಅನ್ನೋರು?"

ಅವರ ಕೈ ಮೇಲೆದ್ದಿತು, ಹಿಂದೆಯೇ ಮಗನದು.

"ಈ ವಯಸ್ಸಲ್ಲಿ ಗುಡ್ಡ ಯಾಕಮ್ಮಾ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು" ಎಂದ ಮಗ.

ಊರಿನ ನೆಲವನ್ನೆಲ್ಲ ಅಳೆದವಳಿಗೆ ಈ ಬುದ್ಧಿವಾದ! ಹಾಸಿಗೆ ಅಳೆದವರು ಯಾರೆಂದು ಮಾತ್ರ ಯಾರೂ ಕೇಳುವುದಿಲ್ಲ. ಅವಳು ಮಗಳ ಕಡೆ ನೋಡಿದಳು. ಮಗಳು ಕೂಸಿನ ಬಾಯಿ ಒರೆಸುತ್ತಿದ್ದಳು. ಒರೆಸಿದ ಬಾಯನ್ನೇ ಮತ್ತೆ ಒರೆಸಿದಳು. ಆಮೇಲೆ ಬಟ್ಟೆ ಹಿಡಿದಿದ್ದ ಕೈಯನ್ನೇ ಮೆಲ್ಲಗೆ ಮೇಲಕ್ಕೆತ್ತಿದಳು.

"ಅಮ್ಮಾ, ತಪ್ಪು ತಿಳ್ಕೋಬೇಡ. ಎರಡನೇ ಅಂಗಡಿ ಶುರು ಮಾಡ್ತಿದ್ದೀನಿ. ಪಾಪುನ ದಿನಾ ಶಿಶುವಿಹಾರಕ್ಕೆ ಬಿಟ್ಟು ಕರ್ಕೊಂಡು ಬರೋಕೆ ನೀನಿರ್ತೀಯ ಅಂತ ಅಪ್ಪ ಹೇಳಿದ್ರು. ಆ ಜೀಪಲ್ಲಿ ಪಾಪು ಸೀಟು ಕೂರೋದೇ ಇಲ್ವಲ್ಲ."

"ಅಪ್ಪ ಯಾವಾಗ ಹೇಳಿದ್ರು?"

ಸಭೆಗೆ ಮುಂಚೆಯೇ ಸಭೆ ಮುಗಿಸುವುದು ಕಾರ್ಯದರ್ಶಿಗಳ ಹಳೆಯ ವಿದ್ಯೆ. ಅವಳಿಗೆ ಗಂಡನ ಮೇಲೆ ಸಿಟ್ಟು ಬರಲಿಲ್ಲ, ಅದು ಬಂದು ಬಂದು ಸವೆದುಹೋಗಿತ್ತು. ನೊಂದದ್ದು ಮಗಳ ವಿಷಯಕ್ಕೆ. ಗುಡ್ಡದ ಹುದ್ದೆಯ ಸಲ ಕೈ ಎತ್ತದೆ ಕೂತಾಗ ಏನೂ ತಿಳಿಯದ ಮಗು ಅದು. ಈಗ ಎಲ್ಲ ತಿಳಿದೇ ಎತ್ತಿದ್ದಳು.

"ಮೂರಕ್ಕೆ ಒಂದು" ಎಂದರು ಕಾರ್ಯದರ್ಶಿಗಳು.

"ಅಮ್ಮಾ, ಕೈ" ಎಂದು ಮಗ ನಗುತ್ತಾ ನೆನಪಿಸಿದ. "ನೀನೇ ಮಾಡಿದ ರೂಲು."

ಅವಳು ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡು ಕೂತಳು. ಆಗ ಕಾರ್ಯದರ್ಶಿಗಳು, ಮಕ್ಕಳಿಗೆ ಮಾಡುತ್ತಿದ್ದ ಹಾಗೆಯೇ, ಅವಳ ಮಣಿಕಟ್ಟು ಹಿಡಿದು ಕೈಯನ್ನು ಮೇಲಕ್ಕೆತ್ತಿದರು. ಎಲ್ಲರೂ ನಿರಾಳವಾಗಿ ನಕ್ಕರು. ಕೂಸು ಚಪ್ಪಾಳೆ ತಟ್ಟಿತು.

ಅವರು ಬಿಟ್ಟ ಮೇಲೂ ಕೈ ಅಲ್ಲೇ ನಿಂತಿತು.

"ಸಾಕು, ಇಳಿಸು ಮಾರಾಯ್ತಿ."

"ನಂದೂ ಒಂದು ವಿಷಯ ಇದೆ" ಎಂದಳು ಅವಳು. "ಇನ್ಮೇಲೆ ಈ ಮನೇಲಿ ನನ್ನ ಬದುಕನ್ನ ಮತಕ್ಕೆ ಹಾಕೋದು ಬೇಡ ಅನ್ನೋರು ಕೈ ಎತ್ತಿ."

ಮಗ ತಟ್ಟೆ ನೋಡಿದ. ಮಗಳು ಕೂಸನ್ನು ನೋಡಿದಳು. ಅಳಿಯನ ಕೈ ಮೇಜಿನಿಂದ ಗೇಣುದ್ದ ಮೇಲೆದ್ದಿತು. ಮಗಳು ದುರುಗುಟ್ಟಿದಾಗ ಅದು ನೀರಿನ ಲೋಟದ ಕಡೆ ತಿರುಗಿತು. ಎದ್ದರೂ ಏನು, ಅವನಿಗೆ ಮತವೆಲ್ಲಿದೆ?

"ಮತ್ತೆ ಮೂರಕ್ಕೆ ಒಂದು, ಬಿದ್ದುಹೋಯ್ತು" ಎಂದರು ಕಾರ್ಯದರ್ಶಿಗಳು. "ಈಗ ಸೋತವರೂ ಕೈ ಎತ್ತಬೇಕು."

ಅವಳು ಎತ್ತಿದ ಕೈಯನ್ನು ಇನ್ನೂ ಇಳಿಸಿಯೇ ಇರಲಿಲ್ಲ.

"ನೋಡಿ, ಹೇಳೋಕೆ ಮುಂಚೆಯೇ ಎತ್ತಿದ್ದಾಳೆ" ಎಂದು ಅವರು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಸರ್ವಾನುಮತ. ಬಡಿಸು."