ಹೆಣದ ಗಾಡಿಯ ಮುಂದಿನ ಸೀಟು

ಓಜೆಲ್ಲಾ ಬಸ್ಸು ಹತ್ತುವುದನ್ನು ಬಿಟ್ಟು ತಿಂಗಳುಗಳೇ ಕಳೆದಿದ್ದವು. ಅಲಬಾಮಾದ ಆ ಊರಿನಲ್ಲಿ ಕರಿಯರು ಯಾರೂ ಹತ್ತುತ್ತಿರಲಿಲ್ಲ. ಇಷ್ಟ ಬಂದ ಸೀಟಿನಲ್ಲಿ ಕೂರಲು ಬಿಡುವ ತನಕ ಬಸ್ಸೇ ಬೇಡ ಎಂದು ಚರ್ಚಿನಲ್ಲಿ ಎಲ್ಲರೂ ಎದ್ದು ನಿಂತು ಒಪ್ಪಿದ್ದರು. ಓಜೆಲ್ಲಾಗೆ ತನ್ನದೇ ಒಂದು ಸಿಟ್ಟೂ ಇತ್ತು. ಕರಿಯರು ಮುಂದಿನ ಬಾಗಿಲಲ್ಲಿ ಕಾಸು ಹಾಕಿ, ಕೆಳಗಿಳಿದು, ಸುತ್ತಿ ಬಂದು ಹಿಂದಿನ ಬಾಗಿಲಲ್ಲಿ ಹತ್ತಬೇಕು. ಒಂದು ದಿನ ಸುರಿಯುವ ಮಳೆಯಲ್ಲಿ ಅವಳು ಹಾಗೆ ಸುತ್ತಿ ಬರುವಷ್ಟರಲ್ಲಿ ಡ್ರೈವರ್ ಗ್ಯಾಂಟ್ ಬಸ್ಸು ಬಿಟ್ಟುಕೊಂಡು ಹೋಗಿಬಿಟ್ಟಿದ್ದ, ಕನ್ನಡಿಯಲ್ಲಿ ಅವಳನ್ನು ನೋಡಿ ನಗುತ್ತಾ. ಆ ನಗುವನ್ನು ಅವಳು ಮರೆತಿರಲಿಲ್ಲ.

ಕೆಲಸಕ್ಕೆ ಹೋಗುವವರಿಗೆ ಚರ್ಚಿನವರು ಕಾರು ಗೊತ್ತುಮಾಡಿದ್ದರು. ಪೊಲೀಸರು ಸುಮ್ಮನಿರುತ್ತಾರೆಯೇ? ಇಲ್ಲದ ತಪ್ಪು ಹುಡುಕಿ ನಿನ್ನೆ ಕಾರನ್ನೇ ಎಳೆದುಕೊಂಡು ಹೋಗಿದ್ದರು. ಓಜೆಲ್ಲಾ ನೋಯುವ ಮೊಣಕಾಲಲ್ಲೇ ನಡೆದು ತಡವಾಗಿ ಮುಟ್ಟಿದಾಗ, ಅವಳು ಅಡುಗೆಗಿದ್ದ ಮನೆಯ ಯಜಮಾನಿ ಮಿಸೆಸ್ ಪ್ರೂಯಿಟ್ ಕಡ್ಡಿ ಮುರಿದಂತೆ ಹೇಳಿದ್ದಳು: "ನಾಳೆ ಎಂಟಕ್ಕೆ ಬಾ. ಇಲ್ಲಾಂದ್ರೆ ಬರ್ಲೇಬೇಡ. ಬಸ್ಸಿದೆಯಲ್ಲ, ಹತ್ತು."

ಇಂದು ಬೆಳಿಗ್ಗೆ ಚರ್ಚಿನ ಮುಂದೆ ಬಂದು ನಿಂತದ್ದು ಹೆಣ ಸಾಗಿಸುವ ಉದ್ದನೆಯ ಕಪ್ಪು ಗಾಡಿ. ಅದನ್ನು ಓಡಿಸುವ ಥರ್ಮನ್ ಹಿಂದಿನ ಬಾಗಿಲು ತೆರೆದ. ಮೂವರು ಹೆಂಗಸರು ಯೇಸುವಿನ ಹೆಸರು ಹೇಳುತ್ತಾ ಹತ್ತಿ ಕೂತರು.

"ಜೀವ ಇದ್ದಾಗ ಇದ್ರಲ್ಲಿ ಕೂತೋರು ವರ್ಷ ತುಂಬೋದ್ರೊಳಗೆ ಮಲಗ್ಕೊಂಡು ಹೋಗ್ತಾರೆ ಅಂತಿದ್ಲು ನಮ್ಮಜ್ಜಿ," ಎಂದಳು ಓಜೆಲ್ಲಾ.

"ಹಂಗಾದ್ರೆ ನಾನು ಎಷ್ಟು ಸಲ ಸಾಯ್ಬೇಕಿತ್ತು, ಅಕ್ಕಾ! ಹತ್ತು, ಹೊತ್ತಾಯ್ತು."

ಸತ್ತರೂ ಸರಿ, ಗ್ಯಾಂಟನ ಬಸ್ಸಿಗೆ ಕಾಲಿಡುವುದಿಲ್ಲ ಎಂದುಕೊಂಡಳು ಓಜೆಲ್ಲಾ. ಆದರೆ ಹಿಂದಿನ ಬಾಗಿಲು ಕಂಡು ಕಾಲು ತಡೆಯಿತು.

"ಅಲ್ಲಿ ಹತ್ತಲ್ಲ ಕಣೋ. ಹಿಂದಿನ ಬಾಗಿಲು ಈ ಜನ್ಮಕ್ಕೆ ಸಾಕು. ಹೆಣ ಆದ್ಮೇಲೆ ಹೆಂಗೂ ಅಲ್ಲೇ ತುಂಬ್ತೀಯಲ್ಲ, ಆಗ ಬರ್ತೀನಿ."

ಟೋಪಿ ನೆಟ್ಟಗೆ ಮಾಡಿಕೊಂಡು ಮುಂದಿನ ಸೀಟಿನಲ್ಲಿ ಕುಳಿತಳು. ಗಾಡಿ ತೆವಳತೊಡಗಿತು.

"ಲೋ, ಎಂಟಾಗ್ತಾ ಬಂತು, ಜೋರಾಗಿ ಓಡ್ಸೋ!"

"ಇದ್ರಲ್ಲಿ ಕೂತೋರು ಯಾರೂ ಇಲ್ಲೀವರೆಗೆ ಅವಸರ ಮಾಡಿಲ್ಲ, ಅಕ್ಕಾ."

ಆದರೂ ಎದುರಿನ ವಾಹನಗಳೆಲ್ಲ ಒಂದೊಂದಾಗಿ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದವು. ಬಿಳಿಯರು ಟೋಪಿ ತೆಗೆಯುತ್ತಿದ್ದರು. ಥರ್ಮನ್ ನಾಲಗೆ ಕಚ್ಚಿಕೊಂಡ. ಹಗಲಲ್ಲಿ ದೀಪ ಹಚ್ಚಿಕೊಂಡು ಈ ಗಾಡಿ ಬಂದರೆ ಒಳಗೆ ಹೆಣವಿದೆ ಎಂದೇ ಲೆಕ್ಕ. ದಾರಿ ಬಿಡುವುದು ಆ ಕಡೆಯ ಪದ್ಧತಿ.

"ಅಭ್ಯಾಸಬಲ, ದೀಪ ಹಾಕ್ಬಿಟ್ಟಿದೀನಿ! ಆರಿಸ್ತೀನಿ ತಡಿ."

"ಮುಟ್ಟಿದ್ರೆ ನೋಡು!" ಎಂದು ಓಜೆಲ್ಲಾ ಅವನ ಕೈಗೆ ಒಂದು ಏಟು ಕೊಟ್ಟಳು.

ತಿರುವಿನಲ್ಲಿ ಒಂದು ಖಾಲಿ ಬಸ್ಸು ಪಕ್ಕಕ್ಕೆ ನಿಂತಿತ್ತು. ಗ್ಯಾಂಟ್ ಟೋಪಿಯನ್ನು ಎದೆಗಿಟ್ಟುಕೊಂಡು ತಲೆ ತಗ್ಗಿಸಿದ್ದ. ಬದುಕಿದವಳಿಗೆ ಕೊಡದ ಮರ್ಯಾದೆಯನ್ನು ಹೆಣಕ್ಕೆ ಕೊಡುತ್ತಿದ್ದಾನೆ! ಅವಳಿಗೆ ನಗುವೂ ಬಂತು, ಮೈ ಉರಿಯುವಷ್ಟು ಸಿಟ್ಟೂ ಬಂತು.

"ಈಗ ನಿಧಾನಕ್ಕೆ ಹೋಗೋ."

ಗ್ಯಾಂಟ್ ತಲೆ ಎತ್ತಿದ. ಗಾಜಿನಾಚೆ ಓಜೆಲ್ಲಾ ಮುಂದಿನ ಸೀಟಿನಲ್ಲಿ ನೆಟ್ಟಗೆ ಕುಳಿತು ಅವನನ್ನೇ ನೋಡುತ್ತಿದ್ದಳು. ಅವಳು ನಕ್ಕಳು, ಅಂದು ಅವನು ನಕ್ಕ ಹಾಗೆಯೇ. ಅವನ ಮುಖ ಕೆಂಪೇರಿತು. ಟೋಪಿಯನ್ನು ತಲೆಗಿಡುವುದೋ ಬಿಡುವುದೋ ತಿಳಿಯದೆ ಕೈಯಲ್ಲೇ ಹಿಡಿದುಕೊಂಡಿದ್ದ.

ಎಂಟು ಹೊಡೆಯುವ ಮುಂಚೆಯೇ ಗಾಡಿ ಪ್ರೂಯಿಟ್ ಮನೆಯ ಮುಂಬಾಗಿಲಿಗೆ ಬಂದು ನಿಂತಿತು. ಯಜಮಾನಿ ಗಾಬರಿಯಿಂದ ಓಡಿ ಬಂದಳು.

"ಅಯ್ಯೋ ದೇವ್ರೇ, ಯಾರೇ ಹೋಗಿದ್ದು?"

ಓಜೆಲ್ಲಾ ಸಾವಕಾಶವಾಗಿ ಇಳಿದು ಲಂಗ ಸರಿಮಾಡಿಕೊಂಡಳು.

"ಬಸ್ಸು, ಅಮ್ಮಾವ್ರೇ. ಇನ್ನೂ ಉಸಿರಾಡ್ತಿದೆ. ಆದ್ರೆ ಜಾಸ್ತಿ ದಿನ ಇಲ್ಲ."