ರಜನಿಯ ವಿಮಾನಕ್ಕೆ ಮೊದಲ ತೂತು

ಮೊದಲೇ ಹೇಳಿಬಿಡುತ್ತೇನೆ, ವಿಮಾನ ನನ್ನ ಮಗಳು ರಜನಿಯದು. ಊರಿನವರು ಕೇಳಿದರೆ ನನ್ನ ಗಂಡ ಕದಿರಪ್ಪನವರು ‘ನಮ್ಮ ವಿಮಾನ’ ಎನ್ನುತ್ತಾರೆ. ನನ್ನ ಅಣ್ಣ ಆವಲಪ್ಪನೂ ಯಲ್ದೂರಿನಲ್ಲಿ ಕೂತು ಹಾಗೇ ಅನ್ನುತ್ತಾನಂತೆ. ಇಬ್ಬರೂ ಇವತ್ತಿನವರೆಗೆ ವಿಮಾನ ಹತ್ತಿದವರಲ್ಲ. ನಾನೂ ಹತ್ತಿಲ್ಲ, ಆದರೆ ನಾನು ಜಂಬ ಕೊಚ್ಚುವುದಿಲ್ಲ.

ರಜನಿ ಕೋಲಾರದಲ್ಲಿ ಪಾಲಿಟೆಕ್ನಿಕ್ ಹುಡುಗರಿಗೆ ಪಾಠ ಹೇಳುತ್ತಾಳೆ. ರಜೆ ಸಿಕ್ಕಾಗಲೆಲ್ಲ ಬೆಂಗಳೂರಿನ ಜಕ್ಕೂರಿಗೆ ಹೋಗಿ ವಿಮಾನ ಓಡಿಸುವುದನ್ನು ಕಲಿತಳು. ಆಮೇಲೆ ಅಮೆರಿಕದಿಂದ ಇಬ್ಬರು ಕೂರುವಂಥ ಒಂದು ಪುಟ್ಟ ವಿಮಾನವನ್ನು ಬಿಡಿಬಿಡಿಯಾಗಿ ತರಿಸಿದಳು. ತಗಡು ಬೇರೆ, ಪಟ್ಟಿ ಬೇರೆ, ತಗಡಿಗೆ ತಗಡು ಬಿಗಿಯುವ ರಿವೆಟ್ಟು ಬೇರೆ, ಜೊತೆಗೆ ಪಂಚಾಂಗಕ್ಕಿಂತ ದಪ್ಪನೆಯ ಒಂದು ಪುಸ್ತಕ. ಅದನ್ನು ನೋಡಿಕೊಂಡು ನಾವೇ ತೂತು ಕೊರೆದು ಜೋಡಿಸಿಕೊಳ್ಳಬೇಕು. ಹುತ್ತೂರಿನ ನಮ್ಮ ಹುಳುಮನೆ ಖಾಲಿ ಬಿದ್ದಿತ್ತು. ರೇಷ್ಮೆ ಹುಳು ಸಾಕುವುದನ್ನು ಬಿಟ್ಟು ಮೂರು ವರ್ಷವಾಗಿತ್ತು. ಉದ್ದನೆಯ ಮನೆ, ಕಿಟಕಿಗೆಲ್ಲ ಬಲೆ, ಒಳಗೆ ಒಂದು ನೊಣ ಬರುವುದಿಲ್ಲ. ಹುಳುವಿಗಿದ್ದ ಕಾನೂನನ್ನೇ ನಾನು ವಿಮಾನಕ್ಕೂ ಮಾಡಿದೆ: ಚಪ್ಪಲಿ ಹೊರಗೆ, ಕೈಕಾಲು ತೊಳೆದು ಒಳಗೆ. ನೋಡಲು ಬಂದ ಪಂಚಾಯ್ತಿ ಮೆಂಬರು ಚನ್ನರಾಯಪ್ಪನವರನ್ನೂ ಬಿಡಲಿಲ್ಲ.

ಎಲ್ಲ ಬಂದಿತ್ತು, ತೂತು ಕೊರೆಯುವ ಬಿಟ್ಟು ಮಾತ್ರ ಬಂದಿರಲಿಲ್ಲ. ಅದನ್ನು ನಾವೇ ಕೊಳ್ಳಬೇಕು. ಯಾವುದು ಕೊಳ್ಳುವುದು ಎಂದು ರಜನಿ ಒಂದು ಭಾನುವಾರ ಜಗಲಿಯಲ್ಲಿ ಕೂತು ಬಾಯಿಬಿಟ್ಟಳು. ಕೇಳಬಾರದಿತ್ತು.

ನಮ್ಮವರು ಮಾಲೂರಿನ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಮೂವತ್ತೊಂದು ವರ್ಷ ದುಡಿದವರು. ಅವರಿಗೆ ಮಿಲಿಮೀಟರ್ ಅಂದರೆ ಪ್ರಾಣ. ದೋಸೆ ದಪ್ಪವಾದರೆ ದಪ್ಪವಾಯಿತು ಅನ್ನುವುದಿಲ್ಲ, ಎರಡು ಮಿಲಿಮೀಟರ್ ಜಾಸ್ತಿ ಅನ್ನುತ್ತಾರೆ. ನನ್ನ ಅಣ್ಣ ಮರಗೆಲಸದವನು. ಮಾವಿನಹಣ್ಣು ಹೇರುವ ಲಾರಿಗೆ, ಟ್ರ್ಯಾಕ್ಟರಿನ ಟ್ರೈಲರಿಗೆ ಮರದ ಬಾಡಿ ಕಟ್ಟುತ್ತಾನೆ. ಅವನದು ನೂಲಿನ ಲೆಕ್ಕ. ಇಂಚಿಗೆ ಎಂಟು ನೂಲು, ಅಷ್ಟೇ. ಮಿಲಿಮೀಟರ್ ಎಂದರೆ ಅವನಿಗೆ ಔಷಧಿ ಬಾಟಲಿಯ ಮೇಲೆ ಬರೆಯುವಂಥದ್ದೇನೋ.

ಪುಸ್ತಕ ನೋಡಿದರೆ ರಿವೆಟ್ಟಿನ ದಪ್ಪ ಇಂಚಿನ ಎಂಟನೇ ಒಂದು ಪಾಲು. ಅಂದರೆ ಸರಿಯಾಗಿ ಒಂದು ನೂಲು. ಅಣ್ಣನ ಮುಖ ನೋಡಬೇಕಿತ್ತು. ಅಮೆರಿಕದವರೂ ಯಲ್ದೂರಿನವರೂ ಒಂದೇ ಬುದ್ಧಿಯವರು ಎಂದು ತೀರ್ಮಾನ ಕೊಟ್ಟು, ಎಲೆ ಅಡಿಕೆ ಹಾಕಿಕೊಂಡ. ನಮ್ಮವರು ಸೋಲುತ್ತಾರೆಯೇ? ರಿವೆಟ್ಟಿನಷ್ಟೇ ತೂತು ಕೊರೆದರೆ ರಿವೆಟ್ಟು ಒಳಗೆ ಹೋಗುವುದಿಲ್ಲ, ಕೂದಲೆಳೆಯಷ್ಟು ದೊಡ್ಡದಿರಬೇಕು, ಪುಸ್ತಕದವನು ಕೇಳುವುದು ಮೂರು ಪಾಯಿಂಟ್ ಎರಡು ಆರು ಮಿಲಿಮೀಟರ್ ಎಂದು ಕಾಗದದ ಮೇಲೆ ಬರೆದು ತೋರಿಸಿದರು. ಮಾರನೇ ದಿನ ಕೋಲಾರಕ್ಕೆ ಹೋಗಿ ಮೂರು ಪಾಯಿಂಟ್ ಎರಡರದ್ದೂ ಮೂರು ಪಾಯಿಂಟ್ ಮೂರರದ್ದೂ ತಂದರು. ಒಂದು ಬಿಗಿ, ಒಂದು ಚೂರು ಸಡಿಲ. ಯಾವುದು ವಾಸಿ ಎಂದು ನೋಡಲು ತಗಡು ಬೇಕಲ್ಲ, ನನ್ನ ಅನ್ನದ ಪಾತ್ರೆಯ ಮುಚ್ಚಳ ತೆಗೆದುಕೊಂಡು ಹೋದರು. ಸಂಜೆ ವಾಪಸು ಬಂದದ್ದು ಜರಡಿ. ಪರೀಕ್ಷೆ ಮುಗಿಯಿತಾ ಎಂದು ಕೇಳಿದರೆ, ಇನ್ನೊಂದು ಮುಚ್ಚಳ ಇದೆಯಾ ಎಂದರು.

ಕೊನೆಗೆ ರಜನಿ ಇಬ್ಬರ ಮಾತನ್ನೂ ಕೇಳಿ, ತಲೆಯಾಡಿಸಿ, ಬೆಂಗಳೂರಿನಿಂದ ‘ಮೂವತ್ತನೇ ನಂಬರ್’ ಬಿಟ್ಟುಗಳನ್ನು ಒಂದು ಡಜನ್ ತರಿಸಿದಳು. ಪುಸ್ತಕದವನು ಹೇಳಿದ ಅಳತೆಗೆ ಅದೇ ಸರಿಯಂತೆ. ಅದರ ಹೆಸರು ಮಿಲಿಮೀಟರೂ ಅಲ್ಲ, ನೂಲೂ ಅಲ್ಲ, ಬರೀ ನಂಬರು. ಇಬ್ಬರು ಗಂಡಸರಿಗೂ ಒಟ್ಟಿಗೆ ಅವಮಾನವಾಯಿತು. ಬಸ್ಸಿಗೆ ನಂಬರ್ ಇರುತ್ತದೆ, ಬಿಟ್ಟಿಗೆ ಎಂಥ ನಂಬರು ಎಂದು ನಮ್ಮವರು ಗೊಣಗಿದರೆ, ಅಣ್ಣ ಹೌದು ಬಾವ ಎಂದ. ಮೂವತ್ತೈದು ವರ್ಷದಲ್ಲಿ ಅವರಿಬ್ಬರೂ ಒಪ್ಪಿಕೊಂಡ ಮೊದಲನೆಯ ಮಾತು ಅದು. ನನಗೆ ಎಷ್ಟು ಸಂತೋಷವಾಯಿತೆಂದರೆ, ಆ ನಂಬರಿಗೇ ಒಂದು ಹೂವು ಮುಡಿಸೋಣ ಅನ್ನಿಸಿತು.

ಯಾಕೆ ಅಷ್ಟು ಸಂತೋಷ ಎಂದರೆ, ನಮ್ಮ ಮನೆಯ ತಲೆಬಾಗಿಲನ್ನು ಮಾಡಿಕೊಟ್ಟವನು ಅಣ್ಣ. ಗೃಹಪ್ರವೇಶದ ದಿನ ನಮ್ಮವರು ನೆಂಟರೆದುರಿಗೆ ಟೇಪು ಹಿಡಿದು, ಚೌಕಟ್ಟು ಮೇಲುಗಡೆ ಮೂರು ಮಿಲಿಮೀಟರ್ ಓರೆ ಎಂದು ನಕ್ಕರು. ಅಣ್ಣ ಊಟಕ್ಕೆ ಕೂರದೆ ಎದ್ದು ಹೋದ. ನಾಲ್ಕು ವರ್ಷ ನಮ್ಮ ಹೊಸ್ತಿಲು ತುಳಿಯಲಿಲ್ಲ. ಗೌರಿ ಹಬ್ಬಕ್ಕೆ ಬಾಗಿನವನ್ನು ಬೇರೆಯವರ ಕೈಲಿ ಕಳಿಸಿದ. ತವರು ಎಂದು ನನಗಿರುವುದು ಅವನೊಬ್ಬನೇ. ವಿಮಾನದ ನೆಪದಲ್ಲಿ ಅವನು ಮತ್ತೆ ವಾರಕ್ಕೊಮ್ಮೆ ಬರತೊಡಗಿದಾಗ, ನಾನು ಅದರ ಸಾಮಾನು ಬಂದ ಡಬ್ಬಗಳನ್ನು ದೇವರ ಪಟದ ಹಾಗೆ ಒರೆಸಿ ಇಟ್ಟಿದ್ದೇನೆ.

ಅದಕ್ಕೇ ಮೊದಲ ತೂತನ್ನು ಅಣ್ಣನ ಕೈಲಿ ಕೊರೆಸೋಣ ಎಂದವಳು ನಾನು. ಬೈಯುವುದಾದರೆ ನನ್ನನ್ನೇ ಬೈಯಿರಿ. ಮಗುವಿಗೆ ಕಿವಿ ಚುಚ್ಚಿಸುವಾಗ ಸೋದರಮಾವನ ತೊಡೆಯ ಮೇಲೆ ಕೂರಿಸುವುದಿಲ್ಲವೇ? ರಜನಿಯನ್ನೂ ಅವನ ತೊಡೆಯ ಮೇಲೇ ಕೂರಿಸಿದ್ದೆವು. ಅವಳ ವಿಮಾನಕ್ಕೂ ಅವನೇ ಇರಲಿ ಎಂದೆ. ರಜನಿ ನಕ್ಕು ಒಪ್ಪಿದಳು. ನಮ್ಮವರು ಆ ದಿನ ಮೂರು ಸಲ ಕನ್ನಡಕ ಒರೆಸಿಕೊಂಡರು.

ಶುಕ್ರವಾರ ಇಟ್ಟುಕೊಂಡೆವು. ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಮುಗಿಯಬೇಕು. ವಿಮಾನದ ಬಾಲದಲ್ಲಿ ನೆಟ್ಟಗೆ ನಿಂತು ಎಡಕ್ಕೆ ಬಲಕ್ಕೆ ತಿರುಗಿಸುವ ಒಂದು ರೆಕ್ಕೆಯಿದೆ, ಅದರೊಳಗೆ ಪಕ್ಕೆಲುಬಿನಂಥ ತಗಡಿನ ಪಟ್ಟಿ. ಪಟ್ಟಿಗೆ ಕುಂಕುಮ ಇಟ್ಟೆ. ರಜನಿ ಮೂವತ್ತನೇ ನಂಬರನ್ನು ಮೆಷಿನ್ನಿಗೆ ಸಿಕ್ಕಿಸಿ ಮಾವನ ಕೈಗೆ ಕೊಟ್ಟು, ಆರತಿ ತಟ್ಟೆ ತರಲು ಮನೆಗೆ ಓಡಿದಳು. ನಮ್ಮವರು ಹೊರಗೆ ತೆಂಗಿನಕಾಯಿ ಸುಲಿಯುತ್ತಿದ್ದರು. ಹತ್ತು ಇಪ್ಪತ್ತೈದಾಯಿತು. ಅಣ್ಣ ಗಡಿಯಾರ ನೋಡಿದ, ನನ್ನನ್ನು ನೋಡಿದ, ಜೇಬಿನಿಂದ ಅರಿಶಿನ ಹಚ್ಚಿದ ಕಾಗದದ ಪೊಟ್ಟಣ ತೆಗೆದ. ಶ್ರೀನಿವಾಸಪುರದಲ್ಲಿ ಕೊಂಡು, ಮನೆದೇವರ ಮುಂದೆ ಇಟ್ಟು ತಂದ ಹೊಸ ಬಿಟ್ಟು. ಸೋದರ ಸೊಸೆಯ ವಿಮಾನಕ್ಕೆ ಬರಿಗೈಲಿ ಬರುತ್ತಾನೆಯೇ? ಮೂವತ್ತನೇ ನಂಬರನ್ನು ಬಿಚ್ಚಿ ಪಕ್ಕಕ್ಕಿಟ್ಟು, ತನ್ನದನ್ನು ಸಿಕ್ಕಿಸಿ, ಒಂದು ತೂತು ಕೊರೆದ. ಮತ್ತೆ ತನ್ನದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ. ನಾನು ನೋಡಿದೆ. ಒಂದು ನೂಲು ಎಂದರೆ ಒಂದು ನೂಲೇ ತಾನೇ ಎಂದುಕೊಂಡು ಸುಮ್ಮನಾದೆ.

ಒಂದು ನೂಲಾಗಿರಲಿಲ್ಲ. ಮರದ ಬಾಡಿಗೆ ಬೋಲ್ಟು ಹಾಕುವವರು ತೂತನ್ನು ಯಾವಾಗಲೂ ಚೂರು ದೊಡ್ಡದಾಗೇ ಕೊರೆಯುತ್ತಾರಂತೆ. ಮಳೆಗೆ ಮರ ಉಬ್ಬುತ್ತದೆ, ಬೋಲ್ಟಿಗೆ ಉಸಿರಾಡಲು ಜಾಗ ಬೇಕು. ನಲವತ್ತು ವರ್ಷದ ಕೈ, ಒಂದೂಕಾಲು ನೂಲಿನದ್ದನ್ನು ಆರಿಸಿ ತಂದಿತ್ತು. ತಗಡು ಉಬ್ಬುವುದಿಲ್ಲ ಎಂದು ಅದಕ್ಕೆ ಯಾರು ಹೇಳಬೇಕು?

ಶನಿವಾರ ಸಂಜೆ ನಮ್ಮವರು ಕೂದಲೆಳೆಯನ್ನೂ ಅಳೆಯುವ ತಮ್ಮ ವರ್ನಿಯರ್ ಹಿಡಿದು ಅಡಿಗೆಮನೆಗೆ ಬಂದರು. ನಗಲಿಲ್ಲ. ಗೆದ್ದವರ ಮುಖವೂ ಅಲ್ಲ. ನನಗೆ ಭಯವಾದದ್ದು ಅದಕ್ಕೇ. ತಾವೂ ಮಗಳೂ ಕೊರೆದ ಬೇರೆ ತೂತುಗಳಲ್ಲಿ ರಿವೆಟ್ಟು ನೆಟ್ಟಗೆ ನಿಲ್ಲುತ್ತಿದೆ, ಬಾವ ಕೊರೆದದ್ದರಲ್ಲಿ ಅಲುಗಾಡುತ್ತಿದೆ ಎಂದರು. ದಪ್ಪ ರಿವೆಟ್ಟು ಹಾಕಿ ಮುಚ್ಚಿಬಿಡಿ ಎಂದೆ. ದಪ್ಪ ರಿವೆಟ್ಟಿಗೆ ಅಂಚಿನಿಂದ ಇನ್ನೂ ದೂರ ಬೇಕು, ಇಲ್ಲಿ ಅಷ್ಟು ಜಾಗವಿಲ್ಲ, ಪಟ್ಟಿ ಅಂಚಿನಲ್ಲಿ ಹರಿಯಬಹುದು ಎಂದರು. ಪಟ್ಟಿಯನ್ನೇ ಬದಲಾಯಿಸಬೇಕು.

ಆಗ ನಾನು ಅಂದ ಮಾತನ್ನು ಬರೆಯಲು ನಾಚಿಕೆಯಾಗುತ್ತದೆ. ರಜನಿಗೆ ಹೇಳಬೇಡಿ ಎಂದೆ. ಹೇಳಿದರೆ ಅಣ್ಣನಿಗೆ ಗೊತ್ತಾಗುತ್ತದೆ, ಮತ್ತೆ ನಾಲ್ಕು ವರ್ಷ ನನಗೆ ಅಣ್ಣ ಇರುವುದಿಲ್ಲ ಎಂದೆ. ಕೈ ಹಿಡಿದುಕೊಂಡೆ. ಅವರು ವರ್ನಿಯರನ್ನು ತೆರೆದು ಮುಚ್ಚಿ ಮಾಡಿದರು.

“ನೀನು ಹೇಳು ಅನ್ನೋವರ್ಗೂ ನಾನು ಬಾಯಿ ಬಿಡಲ್ಲ ಕಣೇ,” ಎಂದರು. “ಆದ್ರೆ ಆ ಪಟ್ಟಿಗೆ ರಿವೆಟ್ ಹಾಕೋಕೂ ಬಿಡಲ್ಲ. ಕೂತ್ಕೊಳ್ಳೋಳು ಅವಳು.”

ಭಾನುವಾರ ಅವರಿಗೆ ಮಂಡಿನೋವು ಬಂತು. ಸೋಮವಾರ ಕರೆಂಟಿನ ಮೇಲೆ ಅನುಮಾನ ಬಂತು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ, ಮಗಳಿಗೆ ಯಾವ ಮಂಡಿ ಎಂದು ಹೇಳಿದ್ದೆ ಎನ್ನುವುದನ್ನೇ ಮರೆತು ಇನ್ನೊಂದನ್ನು ತಿಕ್ಕಿಕೊಳ್ಳುತ್ತಿದ್ದರು. ನಗು ಬರಬೇಕಾದ ವಿಷಯ, ನನಗೆ ಬರಲಿಲ್ಲ.

ಸೋಮವಾರ ಸಾಯಂಕಾಲ ಹುಳುಮನೆಗೆ ಕಾಫಿ ತೆಗೆದುಕೊಂಡು ಹೋದೆ. ರಜನಿ ಒಂದು ಮಣೆಯ ಮೇಲೆ ಕೂತು, ಎರಡು ಇಟ್ಟಿಗೆಗಳ ಮೇಲೆ ಕಾಲಿಟ್ಟು, ಎಡಗಾಲು ಒತ್ತಿ ಬಲಗಾಲು ಒತ್ತಿ ಮಾಡುತ್ತಿದ್ದಳು. ಬಾಲವನ್ನು ತಿರುಗಿಸುವುದು ಹಾಗಂತೆ. ಮೂವತ್ತನಾಲ್ಕು ವರ್ಷದ ಹೆಂಗಸು, ನಾಲ್ಕು ವರ್ಷದವಳ ಹಾಗೆ ಕಣ್ಣು ಮುಚ್ಚಿಕೊಂಡಿದ್ದಳು. ನನ್ನನ್ನು ನೋಡಿ, ಪಕ್ಕದ ಸೀಟಿನಲ್ಲಿ ಮೊದಲು ಕೂರುವವಳು ನೀನೇ ಕಣಮ್ಮ ಎಂದಳು. ನಾನು ಕಾಫಿ ಲೋಟವನ್ನು ಕೆಳಗಿಟ್ಟೆ. ಅವಳ ಕಾಲು ಒತ್ತುವಾಗ ಹಿಂದೆ ಆ ಪಟ್ಟಿ ಹರಿದರೆ ಎಂದು ಒಂದು ಗಳಿಗೆ ಕಣ್ಣ ಮುಂದೆ ಬಂತು. ಎಲ್ಲ ಹೇಳಿಬಿಟ್ಟೆ. ಪೊಟ್ಟಣ, ರಾಹುಕಾಲ, ಅಪ್ಪನ ಮಂಡಿ, ಎಲ್ಲ.

ಅವಳು ಎದ್ದು ಹೋಗಿ ಆ ತೂತಿನ ಮೇಲೆ ಬೆರಳಿಟ್ಟು ನೋಡಿದಳು. ಪಟ್ಟಿ ಹೋದರೆ ಹೋಯಿತು, ಇನ್ನೊಂದು ಬರಲು ಆರು ವಾರ ಅಷ್ಟೇ ಎಂದಳು. ಮಾವನಿಗೆ ನಾನು ಹೇಳಲಾ ನೀನು ಹೇಳುತ್ತೀಯಾ ಎಂದು ಕೇಳಿದಳು. ನಾನೇ ಹೇಳುತ್ತೇನೆ ಎಂದೆ. ಫೋನಿನಲ್ಲಿ ಹೇಳಲು ಬಾಯಿ ಬರದೆ, ಬಾ ಎಂದಷ್ಟೇ ಅಂದೆ.

ಮಂಗಳವಾರ ಮೊದಲ ಬಸ್ಸಿಗೇ ಅಣ್ಣ ಬಂದ. ಯಾರಿಗೋ ಹುಷಾರಿಲ್ಲ ಎಂದುಕೊಂಡಿದ್ದನಂತೆ. ಕೈಕಾಲು ತೊಳೆದು ಒಳಗೆ ಬಂದ ಮೇಲೆ, ನನ್ನ ಜೀವಮಾನದಲ್ಲಿ ಮೊದಲ ಸಲ ಅವನೆದುರಿಗೆ ನಿಂತು, ನೀನು ಕೊರೆದದ್ದು ತಪ್ಪಾಗಿದೆ ಅಣ್ಣ ಎಂದೆ. ಅವನು ರಿವೆಟ್ಟು ಕೇಳಿದ. ಪಕ್ಕದ ತೂತಿಗೆ ಹಾಕಿ ನೋಡಿದ, ನೆಟ್ಟಗೆ ನಿಂತಿತು. ತನ್ನದಕ್ಕೆ ಹಾಕಿದ, ಆಡಿತು. ಎರಡು ಸಲ ಹಾಕಿ ತೆಗೆದ. ನಮ್ಮವರು ಕಿಟಕಿಯ ಬಲೆಯನ್ನು ಅಷ್ಟೊಂದು ಗಮನವಿಟ್ಟು ನೋಡಿದ್ದು ಅದೇ ಮೊದಲು. ಆಮೇಲೆ ಅಣ್ಣ ಮೇಜಿನ ಮೇಲಿದ್ದ ಮೂವತ್ತನೇ ನಂಬರನ್ನು ಎತ್ತಿ ಬೆಳಕಿಗೆ ಹಿಡಿದ.

“ಬಾವ, ಇದು ಎಷ್ಟು ಮಿಲಿಮೀಟರು?” ಎಂದ.

ಅವನ ಬಾಯಲ್ಲಿ ಆ ಮಾತು ಬರಲಿ ಎಂದು ನಮ್ಮವರು ಎಷ್ಟು ವರ್ಷದಿಂದ ಕಾಯುತ್ತಿದ್ದರೋ ದೇವರಿಗೇ ಗೊತ್ತು. ಹತ್ತಿರ ಬಂದರು.

“ಒಂದು ನೂಲಿಗಿಂತ ಒಂದು ಕೂದಲು ಜಾಸ್ತಿ, ಬಾವ,” ಎಂದರು.

ಅಷ್ಟೇ. ನನಗೆ ಎದೆಯ ಮೇಲಿನ ಬಂಡೆ ಇಳಿದ ಹಾಗಾಯಿತು. ಇನ್ನು ಬಿಸಿ ಮುದ್ದೆಗೆ ಇಡೋಣ, ಇವತ್ತು ಅವರೆಕಾಳಿನ ಸಾರು ಮಾಡೋಣ ಎಂದು ಮನಸ್ಸು ಆಗಲೇ ಅಡಿಗೆಮನೆಗೆ ಓಡಿತ್ತು. ಈ ಎರಡು ಮುದಿ ಮಕ್ಕಳನ್ನು ಸಂಭಾಳಿಸುವುದು ನನಗೊಬ್ಬಳಿಗೇ ಗೊತ್ತು ಎಂದು ಒಳಗೊಳಗೇ ಬೀಗಿದೆ ಕೂಡ.

ಅಣ್ಣ ಬಿಟ್ಟನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದ. ಯಾವತ್ತು ಗೊತ್ತಾಯಿತು ಎಂದು ಕೇಳಿದ. ಶನಿವಾರ ಎಂದೆ. ಇವತ್ತು ಮಂಗಳವಾರ ಎಂದ.



“ನಾನು ಕಟ್ಟಿದ ಬಾಡೀಲಿ ಒಂದು ಹಲಗೆ ಸಡಿಲ ಆದ್ರೆ ಡ್ರೈವರು ಬಂದು ಮುಖದ ಮೇಲೆ ಬೈತಾನೆ,” ಎಂದ. “ನಾನು ಸರಿ ಮಾಡಿ ಕೊಡ್ತೀನಿ, ಆಮೇಲೆ ಇಬ್ರೂ ಟೀ ಕುಡೀತೀವಿ. ಅವನ್ಯಾರೋ, ನಾನ್ಯಾರೋ. ನೀನು ಒಡಹುಟ್ಟಿದೋಳು. ಮಗೂನ ಅದ್ರಲ್ಲಿ ಕೂರ್ಸೋದು ಅಂತ ಗೊತ್ತಿದ್ದೂ ಮೂರು ದಿನ ಸುಮ್ಕಿದ್ಯಾ? ಮನೆಯೋನಾಗಿದ್ದ ನನ್ನ ಬರೀ ನೆಂಟನ್ನ ಮಾಡ್ಬಿಟ್ಯಲ್ಲಮ್ಮಾ.”

ಅವನ ದನಿಯಲ್ಲಿ ಕೋಪವಿದ್ದಿದ್ದರೆ ತಿರುಗಿ ಏನಾದರೂ ಅನ್ನುತ್ತಿದ್ದೆ, ಆ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ. ಕೋಪವಿರಲಿಲ್ಲ. ರಜನಿ ಬಂದು ಮಾವನ ಕೈ ಹಿಡಿದುಕೊಂಡಳು. ನನಗೆ ಅಳು ಬಂತು, ಅತ್ತುಬಿಟ್ಟೆ. ಬಾಗಿಲಿನ ದಿನ ಅಣ್ಣನನ್ನು ಎಬ್ಬಿಸಿ ಕಳಿಸಿದವರು ನನ್ನ ಗಂಡ ಎಂದು ಇಷ್ಟು ವರ್ಷ ಅವರನ್ನು ಬೈಯುತ್ತಾ ಬಂದಿದ್ದೇನೆ. ಈ ಸಲ ಅವನು ಎಲ್ಲಿಗೂ ಎದ್ದು ಹೋಗಿರಲಿಲ್ಲ, ನಮ್ಮೊಡನೆಯೇ ನಿಂತಿದ್ದ. ಮೂರು ದಿನ ಅವನನ್ನು ಹೊರಗಿಟ್ಟವಳು ನಾನು.