ಸೊಲ್ಲಿನ ಜಾಗ

ಮಾರ್ಚ್ ಒಂಬತ್ತು, ಭಾನುವಾರ. ಎತ್ತಪ್ಪ ಹೊಳಲ್ಕೆರೆಯಿಂದ ಹೊರಟು ಎರಡು ಬಸ್ಸು ಬದಲಿಸಿ ಹರಿಯಬ್ಬೆಯ ಹೊಲಕ್ಕೆ ಬರುವಷ್ಟರಲ್ಲಿ, ಹನ್ನೊಂದು ಜನರ ಎದುರಿಗೆ ಕಾಟಯ್ಯನ ಹೆಣವನ್ನು ಕುಣಿಗೆ ಇಳಿಸುತ್ತಿದ್ದರು.

"ಹಗ್ಗ ನಿಧಾನಕ್ಕೆ ಬಿಡ್ರಿ," ಎನ್ನುತ್ತಿದ್ದ ಊರಿನ ಮಾರಪ್ಪ, ಎತ್ತಪ್ಪನನ್ನು ಕಂಡು ದನಿ ತಗ್ಗಿಸಿದ. "ಬರ್ರಿ. ಹಾಡಿಕೆಯಾಗೆ ಯಾವತ್ತೂ ನಿಮ್ಮ ಹಿಂದ್ಲೇ ನಿಂತೋನು. ಇವತ್ತೊಂದಿನ ಮುಂದೆ ಹೋಗ್ಯಾನೆ."

ಯಾರೂ ನಗಲಿಲ್ಲ. ಕಾಟಯ್ಯನ ಹೆಂಡತಿ ಜುಂಜಮ್ಮ ಬಾಯಿಗೊತ್ತಿದ್ದ ಸೆರಗು ತೆಗೆದಳು. "ಬರೋ ಶನಿವಾರ ಹಿರಿಯೂರು ಕ್ಲಬ್ಬಿನಾಗೆ ಇಬ್ರೂ ಹಾಡ್ತೀವಿ ಅಂತ ಅಂಗಿ ಇಸ್ತ್ರಿ ಮಾಡಿಸಿ ಇಟ್ಕಂಡಿದ್ರು, ಅಣ್ಣ. ಅದನ್ನೇ ಹಾಕೀವಿ."

\*

ಇಪ್ಪತ್ತು ವರ್ಷ ಅವರು ಜೋಡಿಯಾಗಿ ಹಾಡಿದ್ದರು. ಪದದ ಸಾಲು ಎತ್ತುವುದು ಎತ್ತಪ್ಪ. ಸಾಲು ಮುಗಿದೊಡನೆ ಹಿಂದಿನಿಂದ ಹಿಮ್ಮೇಳದ ಸೊಲ್ಲು ಹೇಳಿ ತುಂಬುವುದು ಕಾಟಯ್ಯ. ಹೊಸದುರ್ಗದ ಒಂದು ಕಾರ್ಯಕ್ರಮಕ್ಕೆ ಸಂಘಟಕರು ಒಂದೇ ಶಾಲು ತಂದಿದ್ದರು. ಅದನ್ನು ಹೊದ್ದ ಎತ್ತಪ್ಪ ಮೈಕಿನಲ್ಲೇ, "ಸೊಲ್ಲು ಯಾರಾದ್ರೂ ಹೇಳ್ತಾರೆ ಬಿಡ್ರಿ," ಎಂದಿದ್ದ. ಜನ ನಕ್ಕರು. ಕಾಟಯ್ಯನೂ ನಕ್ಕ. ಮರುದಿನ ಕುರಿ ಹೊಡೆದುಕೊಂಡು ಹೋದವನು ಮತ್ತೆ ವೇದಿಕೆ ಹತ್ತಲಿಲ್ಲ.

ಕಳೆದ ತಿಂಗಳು ಕ್ಲಬ್ಬಿನವರು ಕರೆದಾಗ ಎತ್ತಪ್ಪನೇ ಫೋನು ಮಾಡಿದ್ದ. "ಆ ಮಾತು ವಾಪಸ್ ತಗಂತೀನಿ. ಬಾರಲೇ."

"ಮೈಕಿನಾಗೆ ಅಂದಿದ್ದು, ಮೈಕಿನಾಗೇ ವಾಪಸ್ ತಗಳೋ ಲೇ," ಎಂದಿದ್ದ ಕಾಟಯ್ಯ. "ಬರ್ತೀನಿ."

\*

"ಒಂದು ಪದ ಹೇಳಣ್ಣ," ಎಂದಳು ಜುಂಜಮ್ಮ. "ಇವ್ರು ಕುರಿ ಹಿಂದೆ ಬರೇ ಸೊಲ್ಲೇ ಹೇಳೋರು. ನಡುವೆ ನಿನ್ನ ಸಾಲಿಗೆ ಜಾಗ ಬಿಟ್ಟು ಸುಮ್ಕಿರೋರು."

ಎತ್ತಪ್ಪ ಕುಣಿಯ ತಲೆಯ ಕಡೆ ನಿಂತು ಮೊದಲ ಸಾಲು ಎತ್ತಿದ. ಸಾಲು ಮುಗಿಯಿತು. ಅಭ್ಯಾಸದಂತೆ ಉಸಿರೆಳೆದುಕೊಂಡು ಕಾದ.

"ಸೊಲ್ಲೂ ನೀವೇ ಹೇಳ್ರಿ," ಎಂದ ಮಾರಪ್ಪ.

ಎತ್ತಪ್ಪ ಬಾಯಿ ತೆರೆದ. ಕಾಟಯ್ಯ ಸೊಲ್ಲು ಹೇಳುವ ಹೊತ್ತು ಅವನಿಗೆ ಉಸಿರಾಡುವ ಹೊತ್ತಾಗಿತ್ತು. ಅದರ ಮಾತುಗಳನ್ನು ಅವನು ಒಮ್ಮೆಯೂ ಮನಸ್ಸಿಟ್ಟು ಕೇಳಿಸಿಕೊಂಡಿರಲಿಲ್ಲ.

"ನಂಗೇ ಬರಲ್ಲಪ್ಪ," ಎಂದ. "ಯಾರಾದ್ರೂ ಹೇಳೋದಲ್ಲ ಅದು."

ಮೈಕಿರಲಿಲ್ಲ. ಹನ್ನೊಂದು ಜನರಿಗೆ ಮಾತ್ರ ಕೇಳಿಸಿತು.

ಎಲ್ಲರೂ ಜುಂಜಮ್ಮನ ಕಡೆ ನೋಡಿದರು. ಅವಳಿಗೆ ಸೊಲ್ಲು ಬರುತ್ತಿತ್ತು. ಅವಳು ಸೆರಗನ್ನು ಮತ್ತೆ ಬಾಯಿಗೆ ಒತ್ತಿಕೊಂಡಳು.

ಎತ್ತಪ್ಪ ಎರಡನೆಯ ಸಾಲು ಎತ್ತಿದ. ಮುಗಿಸಿ, ಸೊಲ್ಲಿಗೆ ಬೇಕಾದಷ್ಟು ಹೊತ್ತು ಬಾಯಿ ಮುಚ್ಚಿ ನಿಂತ. ಆ ಬಿಡುವಿನಲ್ಲಿ ಮಾರಪ್ಪ ಮೊದಲ ಪುಟ್ಟಿ ಮಣ್ಣು ಸುರಿದ.